ಚಿಕ್ಕ ಮಕ್ಕಳ ರಕ್ತನಾಳದ ಉರಿಯೂತ: ಕಾವಾಸಾಕಿ ಕಾಯಿಲೆ ಯಾತಕ್ಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಕಾವಾಸಾಕಿ ಕಾಯಿಲೆ ಇರಬಹುದು ಎಂದ ಕೂಡಲೇ ಅಪ್ಪ-ಅಮ್ಮ ಕೇಳುವ ಮೊದಲ ಪ್ರಶ್ನೆ, "ಇದು ಯಾತಕ್ಕೆ ಬಂತು ಸರ್?" ಆಮೇಲೆ ಅಜ್ಜಿ, ಸೋದರಮಾವ, ಊರಿನಿಂದ ನೋಡಲು ಬಂದವರು ಎಲ್ಲರೂ ಅದನ್ನೇ ಕೇಳುತ್ತಾರೆ. ದಾವಣಗೆರೆಯಲ್ಲಿ ಮಕ್ಕಳ ವೈದ್ಯನಾಗಿ ಹರಿಹರ, ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಮನೆಗಳವರಿಂದ ಕೇಳಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕಾರಣದ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ಮನೆಯೊಳಗೆ ಮಾತು ಬೆಳೆಯುವುದು, ತಾಯಿ ರಾತ್ರಿಯಿಡೀ ಕೊರಗುವುದು ಅದರ ಸುತ್ತಲೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಾರಣ ಹುಡುಕುತ್ತ ದಿನ ಕಳೆಯಬೇಡಿ, ಜ್ವರ ಎಷ್ಟನೇ ದಿನ ಎಂದು ಎಣಿಸಿ.

ಏನಿದು ಕಾವಾಸಾಕಿ? ಹೆಸರೇ ಕೇಳಿಲ್ಲವಲ್ಲ.

ರಕ್ತನಾಳಗಳ ಗೋಡೆಗೆ ಬರುವ ಉರಿಯೂತ. ಮೈಯಲ್ಲಿರುವ ಮಧ್ಯಮ ಗಾತ್ರದ ನಾಳಗಳು ಬಾತುಕೊಳ್ಳುತ್ತವೆ. ನಮಗೆ ಭಯ ಇರುವುದು ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ನಾಳಗಳ ಬಗ್ಗೆ. ಅವುಗಳ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಉಬ್ಬಿದರೆ ಅದಕ್ಕೆ ಅನ್ಯೂರಿಸಂ ಎನ್ನುತ್ತೇವೆ. ಆ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಎರಡು-ಮೂರು ವರ್ಷದ ಕೂಸಿಗೂ ಹೃದಯಾಘಾತ ಆಗಬಹುದು.

ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ 1961ರಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನಲ್ಲಿ ಇದನ್ನು ಮೊದಲು ಗಮನಿಸಿದರು. ಅಂಥದೇ ಲಕ್ಷಣದ 50 ಮಕ್ಕಳ ವಿವರ ಕೂಡಿಸಿ 1967ರಲ್ಲಿ ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. 1974ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಹೊರಜಗತ್ತಿಗೆ ಗೊತ್ತಾಯಿತು. ತಾನಾಗಿಯೇ ವಾಸಿಯಾಗುವ ಜ್ವರ ಎಂದೇ ಮೊದಮೊದಲು ನಂಬಿದ್ದರು. ಗುಣವಾದಂತೆ ಕಂಡ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ತೀರಿಕೊಂಡಾಗ ಹೃದಯದ ವಿಷಯ ಬೆಳಕಿಗೆ ಬಂತು. ಈ ಕಾಯಿಲೆಯ ನೂರು ಮಕ್ಕಳಲ್ಲಿ ಸುಮಾರು ಎಂಬತ್ತು ಮಕ್ಕಳು ಐದು ವರ್ಷದೊಳಗಿನವರು. ಹುಡುಗಿಯರಿಗಿಂತ ಹುಡುಗರಲ್ಲಿ ಒಂದೂವರೆ ಪಟ್ಟು ಹೆಚ್ಚು.

ಬರೀ ಜ್ವರವೋ, ಇದೋ ಅಂತ ಮನೆಯಲ್ಲಿ ಗೊತ್ತಾಗುತ್ತದೆಯೇ?

ಅನುಮಾನ ಪಡುವಷ್ಟು ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರೆ ತುಸು ಇಳಿದು ಮತ್ತೆ ಏರುವ ಜೋರು ಜ್ವರ, ಐದು ದಿನ ಅಥವಾ ಹೆಚ್ಚು. ಅದರ ಜೊತೆ ಐದು ಗುರುತು ನೋಡುತ್ತೇವೆ. ಎರಡೂ ಕಣ್ಣು ಕೆಂಪಾಗುತ್ತವೆ, ಆದರೆ ಪಿಸರು ಬರುವುದಿಲ್ಲ. ತುಟಿ ಕೆಂಪೇರಿ ಒಡೆದು ಕೆಲವೊಮ್ಮೆ ರಕ್ತ ಜಿನುಗುತ್ತದೆ, ನಾಲಿಗೆ ಕೆಂಪಗೆ ಗುಳ್ಳೆಗುಳ್ಳೆ ಎದ್ದಂತೆ ಕಾಣುತ್ತದೆ. ಮೈಮೇಲೆ ಕೆಂಪು ದದ್ದು. ಅಂಗೈ-ಅಂಗಾಲು ಕೆಂಪಾಗಿ ಊದಿಕೊಂಡು, ಮಗು ನೆಲಕ್ಕೆ ಕಾಲೂರಲು ಒಲ್ಲೆ ಎನ್ನುತ್ತದೆ. ಕುತ್ತಿಗೆಯ ಒಂದು ಪಕ್ಕ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ. ಈ ಐದರಲ್ಲಿ ನಾಲ್ಕು ಇದ್ದರೆ ಕಾಯಿಲೆ ಖಚಿತವೆಂದೇ ಲೆಕ್ಕ.

ಎಲ್ಲ ಗುರುತೂ ಒಂದೇ ದಿನ ಕಾಣುವುದಿಲ್ಲ ಎಂಬುದನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. ಸೋಮವಾರ ಬಂದ ದದ್ದು ಬುಧವಾರಕ್ಕೆ ಮಾಯ, ಗುರುವಾರ ಕಣ್ಣು ಕೆಂಪು. ವೈದ್ಯರ ಮುಂದೆ ಕೂರುವ ಹೊತ್ತಿಗೆ ಎರಡೇ ಗುರುತು ಉಳಿದಿರಬಹುದು. ಆದ್ದರಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಜಗಳೂರು ಕಡೆಯ ಒಬ್ಬ ತಾಯಿ ತನ್ನ ಮಗನ ತುಟಿ, ಕಣ್ಣು, ಬೆನ್ನಿನ ಫೋಟೊಗಳನ್ನು ದಿನಾಂಕದ ಸಮೇತ ತೋರಿಸಿದ್ದರು. ಅವತ್ತು ಹುಡುಗನ ಬೆನ್ನಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಆ ಫೋಟೊ ಇಲ್ಲದಿದ್ದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವ ನಿರ್ಧಾರ ಇನ್ನೊಂದೆರಡು ದಿನ ಮುಂದೆ ಹೋಗುತ್ತಿತ್ತು.

ಒಂದು ವರ್ಷದೊಳಗಿನ ಕೂಸುಗಳ ವಿಷಯ ಬೇರೆ. ಅವುಗಳಲ್ಲಿ, ಮುಖ್ಯವಾಗಿ ಆರು ತಿಂಗಳೊಳಗಿನವುಗಳಲ್ಲಿ, ಗುರುತುಗಳು ಅರೆಬರೆ, ಹೃದಯಕ್ಕೆ ಅಪಾಯ ಮಾತ್ರ ಹೆಚ್ಚು. ಕಾರಣ ಸಿಗದ ಜ್ವರ ಏಳು ದಿನ ದಾಟಿದ ಹಸುಗೂಸಿಗೆ ಬೇರೆ ಗುರುತು ಇಲ್ಲದಿದ್ದರೂ ಇದನ್ನು ಮನಸ್ಸಿನಲ್ಲಿಟ್ಟು ರಕ್ತ ಪರೀಕ್ಷೆ, ಎಕೋ ಮಾಡಿಸಬೇಕು.

ಸರಿ, ಯಾತಕ್ಕೆ ಬರುತ್ತದೆ? ನೇರವಾಗಿ ಹೇಳಿ.

ಇದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸುವ ಒಂದು ರೋಗಾಣುವಾಗಲಿ ವಸ್ತುವಾಗಲಿ ಇಂದಿಗೂ ಸಿಕ್ಕಿಲ್ಲ. ಆದರೂ ಅರವತ್ತು ವರ್ಷಗಳ ಹುಡುಕಾಟ ವ್ಯರ್ಥವಾಗಿಲ್ಲ. ಬಹುಪಾಲು ತಜ್ಞರು ಒಪ್ಪುವ ಚಿತ್ರ ಇದು: ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಒಲವು ಇರುತ್ತದೆ. ಬೇರೆ ಮಕ್ಕಳಿಗೆ ಬರೀ ನೆಗಡಿ-ಜ್ವರ ತಂದು ಹೋಗುವ ಯಾವುದೋ ಸೋಂಕು, ಬಹುಶಃ ಉಸಿರಿನ ದಾರಿಯಿಂದ ಬರುವಂಥದ್ದು, ಈ ಮಕ್ಕಳ ರೋಗನಿರೋಧಕ ವ್ಯವಸ್ಥೆಯನ್ನು ಮಿತಿಮೀರಿ ಕೆರಳಿಸುತ್ತದೆ. ಆಗ ದೇಹದ ಕಾವಲು ಕಣಗಳೇ ತಮ್ಮ ರಕ್ತನಾಳಗಳ ಮೇಲೆ ಬೀಳುತ್ತವೆ.

ಸೋಂಕಿನ ಮೇಲೆ ಅನುಮಾನ ಇರಲು ಕಾರಣಗಳಿವೆ. ಕಾಯಿಲೆ ಋತುಮಾನ ನೋಡಿಕೊಂಡು ಏರಿಳಿಯುತ್ತದೆ. ಜಪಾನಿನಲ್ಲಿ ಚಳಿಗಾಲದಲ್ಲಿ ಹೆಚ್ಚು. ಅಲ್ಲಿ 1979, 1982, 1986ರಲ್ಲಿ ದೇಶದ ಉದ್ದಗಲಕ್ಕೂ ಅಲೆಯಂತೆ ಹಬ್ಬಿತ್ತು. ತಾಯಿಯಿಂದ ಬಂದ ಪ್ರತಿಕಾಯಗಳು ಕಾಯುವ ಮೊದಲ ಕೆಲವು ತಿಂಗಳಲ್ಲಿ ಕಡಿಮೆ, ದೊಡ್ಡವರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಅಂದರೆ ಬೆಳೆಯುತ್ತ ಹೆಚ್ಚಿನವರು ಆ ರೋಗಾಣುವನ್ನು ಎದುರಿಸಿ ಗೆದ್ದಿರುತ್ತಾರೆ ಎಂದು ಊಹೆ. ಕೊರೊನಾ ಕಾಲ ಇನ್ನೊಂದು ಸುಳಿವು ಕೊಟ್ಟಿತು. ಜಪಾನಿನಲ್ಲಿ 2019ರಲ್ಲಿ 17 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಬಂದಿದ್ದ ಕಾಯಿಲೆ, ಮಾಸ್ಕು ಹಾಕಿ, ಶಾಲೆ ಮುಚ್ಚಿದ್ದ 2020ರಲ್ಲಿ ಸುಮಾರು 11 ಸಾವಿರಕ್ಕೆ ಇಳಿಯಿತು. ಮಕ್ಕಳು ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದಂತೆ ದೂರ ಇದ್ದಾಗ ಕಾಯಿಲೆಯೂ ಕಡಿಮೆಯಾಯಿತು.

ತೀರಿಕೊಂಡ ಮಕ್ಕಳ ರಕ್ತನಾಳದ ಗೋಡೆಯಲ್ಲಿ ಐಜಿಎ ಎಂಬ ಪ್ರತಿಕಾಯ ತಯಾರಿಸುವ ಕಣಗಳು ಗುಂಪುಗಟ್ಟಿರುವುದನ್ನೂ ಸಂಶೋಧಕರು ಕಂಡಿದ್ದಾರೆ. ಮೂಗು, ಗಂಟಲು, ಶ್ವಾಸನಾಳ, ಕರುಳಿನ ಒಳಪದರ ಕಾಯುವ ಪ್ರತಿಕಾಯ ಅದು. ಹಾಗಾಗಿ ಇನ್ನೂ ಹೆಸರಿಡದ ಒಂದು ವೈರಸ್ಸೇ ಇದಕ್ಕೆ ಮೂಲ ಎನ್ನುವ ವಾದ ಇದೆ. ಬ್ಯಾಕ್ಟೀರಿಯಾದ ವಿಷ ಇರಬಹುದೆಂಬ ವಾದವೂ ಇದೆ. ಒಂದಲ್ಲ, ಹಲವು ರೋಗಾಣುಗಳು ಇದೇ ಕಾಯಿಲೆಯನ್ನು ಹೊತ್ತಿಸಬಲ್ಲವು ಎಂಬುದು ಮೂರನೆಯ ವಾದ. ನನಗೆ ಹೆಚ್ಚು ಒಪ್ಪುವಂತೆ ಕಾಣುವುದು ಈ ಮೂರನೆಯದು. ವಾರ್ಡಿಗೆ ಬರುವ ಮಕ್ಕಳಲ್ಲಿ ಒಬ್ಬರಿಗೆ ವಾರದ ಹಿಂದೆ ನೆಗಡಿ, ಇನ್ನೊಬ್ಬರಿಗೆ ಭೇದಿ, ಮತ್ತೊಬ್ಬರಿಗೆ ಏನೂ ಇರಲಿಲ್ಲ.

ಸೋಂಕು ಅಂದಮೇಲೆ ಮನೆಯ ಬೇರೆ ಮಕ್ಕಳಿಗೆ ಅಂಟುತ್ತದಾ? ಬೇರೆ ಮಲಗಿಸಬೇಕಾ?

ಅಂಟುವುದಿಲ್ಲ. ಬೇರೆ ಮಲಗಿಸುವುದು ಬೇಡ, ತಟ್ಟೆ-ಲೋಟ ಬೇರೆ ಇಡುವುದೂ ಬೇಡ. ಕಿಡಿ ಹೊತ್ತಿಸಿದ ನೆಗಡಿ ಒಬ್ಬರಿಂದ ಒಬ್ಬರಿಗೆ ಹೋಗಬಹುದು, ರಕ್ತನಾಳದ ಕಾಯಿಲೆ ಹಾಗೆ ದಾಟುವುದಿಲ್ಲ.

ನಾನು ನನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದು. ಅದಕ್ಕೇ ಬಂತು ಅಂತಾರೆ ನಮ್ಮ ಮನೆಯಲ್ಲಿ.

ಈ ಪ್ರಶ್ನೆಯನ್ನು ಯಾರೂ ಎಲ್ಲರೆದುರು ಕೇಳುವುದಿಲ್ಲ. ಅಪ್ಪನೊಬ್ಬನೇ ಹಿಂದೆ ನಿಂತು, ಬೇರೆಯವರು ಹೊರಗೆ ಹೋದ ಮೇಲೆ ಕೇಳುತ್ತಾನೆ. ನಮ್ಮ ಸೀಮೆಯಲ್ಲಿ ಸೋದರಿಕೆಯ ಮದುವೆ ಇವತ್ತಿಗೂ ಉಂಟು. ಅದರಿಂದ ಹೆಚ್ಚಾಗುವ ಕಾಯಿಲೆಗಳು ಬೇರೆ ಇವೆ. ಅವು ಅಪ್ಪ-ಅಮ್ಮ ಇಬ್ಬರಿಂದಲೂ ಒಂದೇ ದೋಷವಿರುವ ಜೀನ್ ಬಂದಾಗ ಹುಟ್ಟುವಂಥವು. ಕಾವಾಸಾಕಿ ಹಾಗೆ ಒಂದು ಜೀನ್‌ನ ದೋಷದಿಂದ ಬರುವುದಲ್ಲ. ಅನೇಕ ಜೀನ್‌ಗಳು ಒಂದಿಷ್ಟಿಷ್ಟು ಪಾಲು ಸೇರಿಸಿ ಒಲವು ಉಂಟುಮಾಡುತ್ತವೆ. ಅಂಥವುಗಳಲ್ಲಿ ಐಟಿಪಿಕೆಸಿ ಎಂಬುದನ್ನು ಜಪಾನಿನ ಸಂಶೋಧಕರು 2008ರಲ್ಲಿ ಗುರುತಿಸಿದರು. ಉರಿಯೂತಕ್ಕೆ ಕಡಿವಾಣ ಹಾಕುವ ಜೀನ್ ಅದು.

ವಂಶದ ಪಾತ್ರ ಇದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಜಪಾನೀಯರೇ. ಜಪಾನಿನಲ್ಲಿ ಐದು ವರ್ಷದೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಅಮೆರಿಕದಲ್ಲಿ ಅದು 20ರ ಆಸುಪಾಸು. ಆದರೆ ಹವಾಯಿ ದ್ವೀಪಗಳಿಗೆ ವಲಸೆ ಹೋಗಿ ತಲೆಮಾರುಗಳೇ ಕಳೆದ ಜಪಾನೀ ಮೂಲದ ಮನೆಗಳ ಮಕ್ಕಳಲ್ಲಿ, ಅದೇ ಗಾಳಿ ಅದೇ ನೀರಿನ ಬಿಳಿಯರ ಮಕ್ಕಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಣ್ಣನಿಗೋ ಅಕ್ಕನಿಗೋ ಬಂದಿದ್ದರೆ ತಮ್ಮ-ತಂಗಿಯರಿಗೆ ಬರುವ ಸಂಭವ ಉಳಿದ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಎಂದು ಜಪಾನಿನ ಲೆಕ್ಕ. ಹತ್ತು ಪಟ್ಟು ಎಂದು ಕೇಳಿ ಗಾಬರಿಯಾಗಬೇಡಿ, ಮೂಲ ಸಂಖ್ಯೆಯೇ ಬಹಳ ಸಣ್ಣದು. ಎರಡನೆಯ ಮಗುವಿಗೆ ಜ್ವರ ಬಂದರೆ ವೈದ್ಯರಿಗೆ ಮೊದಲ ಮಗುವಿನ ವಿಷಯ ತಿಳಿಸಿ, ಅಷ್ಟು ಸಾಕು.

ಹೆಂಡತಿಯ ತವರನ್ನೋ ಗಂಡನ ವಂಶವನ್ನೋ ದಯವಿಟ್ಟು ದೂರಬೇಡಿ. ಆರೈಕೆ ಮಾಡಬೇಕಾದ ತಾಯಿ ಆ ಮಾತಿಗೆ ಕುಗ್ಗಿಹೋಗುವುದನ್ನು ನೋಡಿದ್ದೇನೆ.

ಚಿತ್ರದುರ್ಗದ ಕಡೆ ಗಾಳಿ ಜಾಸ್ತಿ, ದೂಳು ಜಾಸ್ತಿ. ಗಾಳಿಯಿಂದ ಬರುತ್ತದೆ ಅಂತ ಎಲ್ಲೋ ಓದಿದೆ.

ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಗಾಳಿ. 2011ರಲ್ಲಿ ಒಂದು ಸಂಶೋಧನಾ ತಂಡ ಜಪಾನಿನ ಹಳೆಯ ಅಲೆಗಳನ್ನೂ ಗಾಳಿಯ ದಿಕ್ಕನ್ನೂ ಹೋಲಿಸಿ ನೋಡಿತು. ಮಧ್ಯ ಏಷ್ಯಾದ ಕಡೆಯಿಂದ ಎತ್ತರದಲ್ಲಿ ಬೀಸುವ ಗಾಳಿ ಜಪಾನನ್ನು ದಾಟಿ ಪೆಸಿಫಿಕ್ ಸಾಗರದ ಮೇಲೆ ಹೋದ ಕಾಲಕ್ಕೆ ಅಲ್ಲಿ ಕಾಯಿಲೆ ಏರಿತ್ತು. 2014ರಲ್ಲಿ ಅದೇ ತಂಡ ಗಾಳಿಯ ಮೂಲವನ್ನು ಚೀನಾದ ಈಶಾನ್ಯದ ಹೊಲಗಳವರೆಗೆ ಹಿಂಬಾಲಿಸಿತು. ವಿಮಾನ ಹಾರಿಸಿ ಹಿಡಿದ ಗಾಳಿಯ ದೂಳಿನಲ್ಲಿ ಕ್ಯಾಂಡಿಡಾ ಜಾತಿಯ ಬೂಷ್ಟು ಹೇರಳವಾಗಿ ಸಿಕ್ಕಿತು. ಹೊಲದಿಂದ ಎದ್ದ ಯಾವುದೋ ಕಣ ಅಥವಾ ವಿಷ ಮಕ್ಕಳ ಮೂಗಿಗೆ ಹೋಗಿ ಕಾಯಿಲೆ ಹೊತ್ತಿಸುತ್ತಿರಬಹುದು ಎಂದು ಅವರ ಊಹೆ. ಗಾಳಿಯೂ ಕಾಯಿಲೆಯೂ ಒಟ್ಟಿಗೆ ಏರಿದವು ಎಂದಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎನ್ನಲಾಗದು. ಆ ಬೂಷ್ಟೇ ಕಾರಣ ಎಂದು ಯಾರೂ ಸಾಧಿಸಿ ತೋರಿಸಿಲ್ಲ.

ನಮ್ಮಲ್ಲಿ ಆಷಾಢದ ಗಾಳಿಗೆ ಜೋಗಿಮಟ್ಟಿ ಸುತ್ತಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ, ಚಳ್ಳಕೆರೆ, ಮೊಳಕಾಲ್ಮೂರು ಬಯಲಿನಲ್ಲಿ ಕೆಮ್ಮಣ್ಣು ಕಣ್ಣಿಗೆ ರಾಚುತ್ತದೆ. ದೂಳಿನಿಂದ ಕೆಮ್ಮು, ಉಬ್ಬಸ ಹೆಚ್ಚುವುದು ನಿಜ. ಅದಕ್ಕೂ ಕಾವಾಸಾಕಿಗೂ ನಂಟಿದೆ ಎನ್ನಲು ಆಧಾರ ಇಲ್ಲ. ಇದಕ್ಕಾಗಿ ಊರು ಬಿಡುವ, ಮಗುವನ್ನು ಅಂಗನವಾಡಿ ಬಿಡಿಸುವ ಅಗತ್ಯವಿಲ್ಲ.

ಮಂಡಕ್ಕಿ ಭಟ್ಟಿಯ ಹೊಗೆ? ಬೇಕರಿ ತಿಂಡಿ? ಬಣ್ಣದ ಐಸ್ ಕ್ಯಾಂಡಿ?

ಯಾವುದೂ ಅಲ್ಲ. ಭಟ್ಟಿಯ ಹೊಗೆ ಮಕ್ಕಳ ಎದೆಗೆ ಒಳ್ಳೆಯದಲ್ಲ, ಅದು ಬೇರೆ ಮಾತು. ಒಂದು ತಿಂಡಿಯಿಂದ ಕಾವಾಸಾಕಿ ಬಂದದ್ದು ಎಲ್ಲೂ ಸಾಬೀತಾಗಿಲ್ಲ. ಜ್ವರದ ಹಿಂದಿನ ದಿನ ಖಾರ ಮಂಡಕ್ಕಿ ಕೊಡಿಸಿದ ಅಜ್ಜನನ್ನು ಸುಮ್ಮನೆ ಬಿಡಿ.

ಸೋಪು, ಫಿನಾಯಿಲ್, ಮನೆ ತೊಳೆಯುವ ಕೆಮಿಕಲ್?

ಈ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕೆಲವು ಮಕ್ಕಳಿಗೆ ಕಾಯಿಲೆ ಬರುವ ಮೊದಲು ಮನೆಯ ನೆಲಹಾಸನ್ನು ಶಾಂಪೂ ಹಾಕಿ ತೊಳೆದಿದ್ದರು ಎಂದು ಗೊತ್ತಾಯಿತು. ದೊಡ್ಡ ಸುದ್ದಿಯಾಯಿತು. ಬೇರೆ ಕಡೆ ಹುಡುಕಿದಾಗ ಕೆಲವೆಡೆ ನಂಟು ಕಂಡಿತು, ಕೆಲವೆಡೆ ಕಾಣಲಿಲ್ಲ. ಕೊನೆಗೆ ಆ ವಾದ ಬಿದ್ದುಹೋಯಿತು. ಹಾಸಿನಲ್ಲಿರುವ ದೂಳಿನ ನುಸಿ, ಪಾದರಸ, ಇವುಗಳ ಮೇಲೂ ಒಂದು ಕಾಲಕ್ಕೆ ಅನುಮಾನ ಇತ್ತು. ಅವೂ ಬಿದ್ದುಹೋದವು. ನಮ್ಮ ಬಹುಪಾಲು ಮನೆಗಳಲ್ಲಿ ಅಂಥ ಹಾಸೇ ಇರುವುದಿಲ್ಲ, ಕಾಯಿಲೆ ಮಾತ್ರ ಬರುತ್ತದೆ.

ಚುಚ್ಚುಮದ್ದು ಹಾಕಿಸಿದ ಮೇಲೇ ಜ್ವರ ಶುರುವಾಯ್ತು. ಲಸಿಕೆಯಿಂದ ಬಂತಾ?

ಲಸಿಕೆಯಿಂದ ಕಾವಾಸಾಕಿ ಬರುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಈ ಕಾಯಿಲೆ ಬರುವ ವಯಸ್ಸೂ ಲಸಿಕೆ ಕೊಡುವ ವಯಸ್ಸೂ ಒಂದೇ. ಹಾಗಾಗಿ ಯಾವುದಾದರೂ ಒಂದು ಚುಚ್ಚುಮದ್ದು ಸ್ವಲ್ಪ ಹಿಂದೆ ಆಗಿರುವುದು ಎಷ್ಟೋ ಸಲ ಉಂಟು. ಆಶಾ ಕಾರ್ಯಕರ್ತೆಯ ಮೇಲೆ ಸಿಟ್ಟಾಗಬೇಡಿ, ಮುಂದಿನ ಲಸಿಕೆ ನಿಲ್ಲಿಸಬೇಡಿ.

ಗೊಂದಲ ಹುಟ್ಟಿಸುವ ಇನ್ನೊಂದು ವಿಷಯ ಇಲ್ಲೇ ಹೇಳುತ್ತೇನೆ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಲಸಿಕೆಯ ಗುರುತು ಕೆಲವು ಮಕ್ಕಳಲ್ಲಿ ಈ ಜ್ವರದ ಹೊತ್ತಿಗೆ ಇದ್ದಕ್ಕಿದ್ದಂತೆ ಕೆಂಪಾಗಿ, ಸುತ್ತ ಊದಿಕೊಂಡು, ಮೇಲೆ ಹೆಕ್ಕಳಿಕೆ ಕಟ್ಟುತ್ತದೆ. ತಿಂಗಳುಗಳಿಂದ ಮಾಸಿಹೋಗಿದ್ದ ಕಲೆ ನಿನ್ನೆ ಹಾಕಿಸಿದ ಹಾಗೆ ಕಾಣುತ್ತದೆ. ಬಿಸಿಜಿಯಿಂದ ಕಾಯಿಲೆ ಬಂತು ಎಂದು ಇದರ ಅರ್ಥವಲ್ಲ, ಕೆರಳಿದ ರೋಗನಿರೋಧಕ ವ್ಯವಸ್ಥೆ ಹಳೆಯ ಗುರುತನ್ನೂ ಕೆರಳಿಸಿದೆ. ಹುಟ್ಟಿದ ಮಕ್ಕಳಿಗೆಲ್ಲ ಬಿಸಿಜಿ ಹಾಕುವ ನಮ್ಮಂಥ ದೇಶಕ್ಕೆ ಇದು ಬಲು ಉಪಯೋಗದ ಗುರುತು, ಏಕೆಂದರೆ ಬೇರೆ ಜ್ವರಗಳಲ್ಲಿ ಇದು ಕಾಣುವುದು ತೀರಾ ಅಪರೂಪ. ನಾಲ್ಕೈದು ದಿನದ ಜ್ವರದ ಕೂಸಿನ ಅಂಗಿ ಬಿಚ್ಚಿ ಎಡತೋಳು ನೋಡಿ.

ಕೊರೊನಾ ಬಂದು ಹೋದ ಮಕ್ಕಳಿಗೆ ಇಂಥದ್ದೇ ಬಂದಿತ್ತಲ್ಲ?

ಹೌದು, ಅಣ್ಣತಮ್ಮಂದಿರಂಥ ಎರಡು ಕಾಯಿಲೆಗಳು. 2020ರಲ್ಲಿ ಇಟಲಿಯ ಬೆರ್ಗಾಮೊ ಊರಿನ ವೈದ್ಯರು ಕಾವಾಸಾಕಿಯಂಥ ಮಕ್ಕಳು ಹಿಂದಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಬರುತ್ತಿದ್ದಾರೆ ಎಂದು ಬರೆದರು. ಅದಕ್ಕೆ ಆಮೇಲೆ ಎಂಐಎಸ್-ಸಿ ಎಂದು ಹೆಸರಾಯಿತು. ಕೊರೊನಾ ಸೋಂಕಾಗಿ ಎರಡರಿಂದ ಆರು ವಾರಕ್ಕೆ ಬರುತ್ತದೆ, ಎಂಟು-ಹತ್ತು ವರ್ಷದ ದೊಡ್ಡ ಮಕ್ಕಳಲ್ಲಿ ಹೆಚ್ಚು, ಹೊಟ್ಟೆನೋವು, ವಾಂತಿ, ಬಿಪಿ ಕುಸಿಯುವುದು ಮುಂದೆ ನಿಲ್ಲುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಒಂದು ವೈರಸ್ ಬಂದುಹೋದ ವಾರಗಳ ಮೇಲೆ ಮಗುವಿನ ದೇಹ ಹೀಗೆ ಕೆರಳಬಲ್ಲದು ಎಂಬುದನ್ನು ಅದು ಕಣ್ಣೆದುರು ತೋರಿಸಿತು. ಕಾವಾಸಾಕಿಯ ಮೂಲ ಹುಡುಕುವವರಿಗೆ ಇದು ದೊಡ್ಡ ಪಾಠ. ತಮ್ಮ ಹೆಸರಿನ ಕಾಯಿಲೆ ಹೀಗೆ ಜಗತ್ತಿನ ಬಾಯಲ್ಲಿದ್ದ ಅದೇ 2020ರಲ್ಲಿ ಡಾ. ಕಾವಾಸಾಕಿ 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೈಮೇಲೆ ಎದ್ದದ್ದು ನೋಡಿ ಅಮ್ಮ ಆಗಿದೆ ಅಂದ್ಕೊಂಡ್ವಿ. ಅದಕ್ಕೇ ತಡವಾಯ್ತು.

ಹಳ್ಳಿಗಳಲ್ಲಿ ತಡವಾಗಲು ಇದೊಂದು ದೊಡ್ಡ ಕಾರಣ, ಇದನ್ನು ನಿಂದಿಸುವ ಮನಸ್ಸು ನನಗಿಲ್ಲ. ಬೇವಿನ ಸೊಪ್ಪು ಹಾಸಿಗೆಯ ಪಕ್ಕ ಇಡಿ, ದುಗ್ಗಮ್ಮನಿಗೆ ಹರಕೆ ಹೊರಿ. ಅದರಿಂದ ಮಗುವಿಗೆ ಕೇಡಿಲ್ಲ. ಕೇಡು ಇರುವುದು "ಅಮ್ಮ ಬಂದಾಗ ಡಾಕ್ಟರ ಹತ್ರ ಹೋಗಬಾರದು" ಎಂಬ ಮಾತಿನಲ್ಲಿ. ಸಿಡುಬು ಭೂಮಿಯಿಂದಲೇ ಹೋಗಿದೆ. ಈಗ ಅಮ್ಮ ಎನ್ನುವುದು ಹೆಚ್ಚಾಗಿ ಸೀತಾಳೆ ಸಿಡುಬು ಅಥವಾ ದಡಾರ. ಸೀತಾಳೆಯಲ್ಲಿ ನೀರು ತುಂಬಿದ ಗುಳ್ಳೆ ಏಳುತ್ತವೆ, ಕಾವಾಸಾಕಿಯಲ್ಲಿ ನೀರುಗುಳ್ಳೆ ಇರುವುದಿಲ್ಲ. ದಡಾರದಲ್ಲಿ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು, ಜೋರು ಕೆಮ್ಮು. ದದ್ದು ಯಾವುದೇ ಇರಲಿ, ಜ್ವರ ಐದನೇ ದಿನಕ್ಕೆ ಕಾಲಿಟ್ಟರೆ ಆಸ್ಪತ್ರೆಗೆ ಹೊರಡಿ.

ಮೊದಲು ಡೆಂಗಿ ಅಂದ್ರು, ಆಮೇಲೆ ಔಷಧಿಯ ಅಲರ್ಜಿ ಅಂದ್ರು. ಡಾಕ್ಟರಿಗೇ ಗೊತ್ತಾಗಲಿಲ್ಲವಾ?

ಮೊದಲ ಮೂರು ದಿನ ಯಾರಿಗೂ ಗೊತ್ತಾಗುವುದು ಕಷ್ಟ. ಮಳೆಗಾಲದಲ್ಲಿ ಜ್ವರದ ಮಗು ಬಂದರೆ ಡೆಂಗಿ ನೋಡುವುದೇ ಸರಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕಾವಾಸಾಕಿಯಲ್ಲಿ ಸಾಮಾನ್ಯವಾಗಿ ಎರಡನೇ ವಾರಕ್ಕೆ ಐದಾರು ಲಕ್ಷಕ್ಕೂ ಮೇಲೆ ಏರುತ್ತದೆ. ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಎರಡೂ ಬಹಳ ಹೆಚ್ಚಿರುತ್ತವೆ. ಮೂತ್ರದಲ್ಲಿ ಕೀವುಕಣ ಕಂಡು "ಯೂರಿನ್ ಇನ್‌ಫೆಕ್ಷನ್" ಎಂದು ಆಂಟಿಬಯೋಟಿಕ್ ಶುರುಮಾಡುವುದುಂಟು, ಆದರೆ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯುವುದಿಲ್ಲ. ಆಂಟಿಬಯೋಟಿಕ್ ಕೊಟ್ಟ ಎರಡನೇ ದಿನ ದದ್ದು ಎದ್ದರೆ ಔಷಧಿ ಒಗ್ಗಲಿಲ್ಲ ಎನಿಸುತ್ತದೆ. ಆದ್ದರಿಂದ ವೈದ್ಯರನ್ನು ಬದಲಾಯಿಸಿದರೂ ಹಳೆಯ ಚೀಟಿ, ರಿಪೋರ್ಟ್ ಎಸೆಯಬೇಡಿ. ಜ್ವರ ಶುರುವಾದ ದಿನಾಂಕ ಮೊದಲು ಹೇಳಿ. "ಇದು ಕಾವಾಸಾಕಿ ಇರಬಹುದಾ?" ಎಂದು ನೀವೇ ಕೇಳಿದರೂ ತಪ್ಪಿಲ್ಲ.

ನಮ್ಮ ಮಗಳಿಗೆ ಕಾಲಿನ ಮೇಲೆ ಕೆಂಪು-ನೇರಳೆ ಚುಕ್ಕೆ, ಹೊಟ್ಟೆನೋವು. ಇದೂ ಅದೇನಾ?

ಬೇರೆ. ಅದು ಐಜಿಎ ವ್ಯಾಸ್ಕುಲೈಟಿಸ್, ಹಳೆಯ ಹೆಸರು ಹೆನೊಕ್-ಶೋನ್‌ಲೈನ್ ಪರ್ಪುರಾ. ಅದೂ ರಕ್ತನಾಳದ ಉರಿಯೂತವೇ, ಆದರೆ ಸಣ್ಣ ನಾಳಗಳದು. ಮೊಣಕಾಲಿನ ಕೆಳಗೆ, ಕುಂಡೆಯ ಮೇಲೆ, ಬೆರಳಾಡಿಸಿದರೆ ತಟ್ಟುವ ಚುಕ್ಕೆಗಳು. ಒತ್ತಿದರೆ ಮಾಸುವುದಿಲ್ಲ. ಕೀಲು ಊದುತ್ತದೆ, ಹೊಟ್ಟೆ ಹಿಂಡಿದಂತೆ ನೋಯುತ್ತದೆ. ಇದರ ಪ್ರಚೋದನೆ ತುಸು ಸ್ಪಷ್ಟ: ಅನೇಕ ಮಕ್ಕಳಲ್ಲಿ ಒಂದರಿಂದ ಮೂರು ವಾರ ಮೊದಲು ಗಂಟಲು ನೋವು, ನೆಗಡಿ ಬಂದು ಹೋಗಿರುತ್ತದೆ, ಸ್ಟ್ರೆಪ್ಟೊಕಾಕಸ್ ಅವುಗಳಲ್ಲಿ ಒಂದು. ಹೆಚ್ಚಿನ ಮಕ್ಕಳು ಕೆಲವೇ ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಚುಕ್ಕೆ ಮಾಯವಾದರೂ ಆರು ತಿಂಗಳು ಮೂತ್ರ ಮತ್ತು ಬಿಪಿ ನೋಡಿಸುತ್ತಿರಬೇಕು, ಏಕೆಂದರೆ ಕಿಡ್ನಿಗೆ ತಾಗುವುದು ಸದ್ದಿಲ್ಲದೆ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆನೋವು ತಡೆಯಲಾಗದಿದ್ದರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಕಾರಣವೇ ಗೊತ್ತಿಲ್ಲದ ಮೇಲೆ ಚಿಕಿತ್ಸೆ ಹೇಗೆ ಕೊಡುತ್ತೀರಿ?

ಬೆಂಕಿ ಹಚ್ಚಿದವರು ಯಾರೆಂದು ತಿಳಿಯದಿದ್ದರೂ ಬೆಂಕಿ ಆರಿಸಲು ಬರುತ್ತದೆ. ಇಮ್ಯುನೊಗ್ಲೋಬ್ಯುಲಿನ್ ಎಂಬ ಔಷಧಿಯನ್ನು, ಆಸ್ಪತ್ರೆಯಲ್ಲಿ ಐವಿಐಜಿ ಎನ್ನುತ್ತೇವೆ, ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತಯಾರಿಸುತ್ತಾರೆ. ಮಗುವಿನ ತೂಕದ ಪ್ರತಿ ಕಿಲೋಗೆ 2 ಗ್ರಾಂ, ಹತ್ತು-ಹನ್ನೆರಡು ಗಂಟೆ ನಿಧಾನವಾಗಿ ಡ್ರಿಪ್‌ನಲ್ಲಿ. ಹತ್ತು ಕಿಲೋ ತೂಗುವ ಮಗುವಿಗೆ 20 ಗ್ರಾಂ, ಅಂದರೆ 5 ಗ್ರಾಮಿನ ನಾಲ್ಕು ಬಾಟಲಿ. ಜೊತೆಗೆ ಆಸ್ಪಿರಿನ್. ಇದು ಕೆಲಸ ಮಾಡುತ್ತದೆ ಎಂದು 1984ರಲ್ಲಿ ಜಪಾನಿನವರೂ 1986ರಲ್ಲಿ ಅಮೆರಿಕದವರೂ ತೋರಿಸಿದರು. ಚಿಕಿತ್ಸೆ ಇಲ್ಲದಿದ್ದರೆ ನಾಲ್ಕರಲ್ಲಿ ಒಂದು ಮಗುವಿನ ಕರೋನರಿ ನಾಳಕ್ಕೆ ಹಾನಿ. ಜ್ವರದ ಹತ್ತನೇ ದಿನದೊಳಗೆ ಐವಿಐಜಿ ಕೊಟ್ಟರೆ ಅದು ನೂರರಲ್ಲಿ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಹತ್ತು ದಿನದ ಈ ಗಡುವಿಗಾಗಿಯೇ ದಿನ ಎಣಿಸಿ ಎಂದು ಮೊದಲೇ ಹೇಳಿದ್ದು. ಹತ್ತು ದಿನ ದಾಟಿ ಬಂದರೂ ಜ್ವರ ಮತ್ತು ಉರಿಯೂತ ಇನ್ನೂ ಇದ್ದರೆ ಕೊಡುತ್ತೇವೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಮೊದಲ ಸಲಕ್ಕೆ ಜ್ವರ ಬಗ್ಗುವುದಿಲ್ಲ. ಆಗ ಎರಡನೇ ಸಲ ಐವಿಐಜಿ, ಇಲ್ಲವೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿ ಕೊಡುತ್ತಾರೆ.

ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ, ಎಸ್‌ಎಸ್ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲ ಕಡೆ ಮಕ್ಕಳ ವಿಭಾಗ ಇದೆ. ನಾಳ ದೊಡ್ಡದಾಗಿ ಉಬ್ಬಿದ್ದರೆ ಬೆಂಗಳೂರಿನ ಜಯದೇವ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಔಷಧಿ ದುಬಾರಿ. ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ. ದುಡ್ಡು ಹೊಂದಿಸಲೆಂದು ಮಗುವನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಬೇಡಿ.

ಮನೆಗೆ ಬಂದ ಮೇಲೆ ಬೆರಳ ತುದಿಯ ಚರ್ಮ ಸುಲಿಯುತ್ತಿದೆ!

ಎರಡು-ಮೂರನೇ ವಾರ ಹೀಗಾಗುವುದು ಸಹಜ. ಉಗುರಿನ ಬುಡದಿಂದ ತೆಳ್ಳಗೆ ಪದರಾಗಿ ಏಳುತ್ತದೆ, ನೋವಿರುವುದಿಲ್ಲ. ಕೀಳಬೇಡಿ, ಕೊಬ್ಬರಿ ಎಣ್ಣೆ ಸವರಿ.

ಮತ್ತೆ ಬರುತ್ತದಾ? ಹೃದಯದ ಗತಿ ಏನು?

ಮರುಕಳಿಸುವುದು ಜಪಾನಿನಲ್ಲೇ ನೂರಕ್ಕೆ ಮೂರು ಮಕ್ಕಳಲ್ಲಿ. ಕಾಯಿಲೆ ಗೊತ್ತಾದಾಗ ಒಮ್ಮೆ, ಒಂದೆರಡು ವಾರಕ್ಕೆ, ಆಮೇಲೆ ಆರು ವಾರದ ಸುಮಾರಿಗೆ ಎಕೋ ಮಾಡಿಸುತ್ತೇವೆ. ಮೂರರಲ್ಲೂ ನಾಳ ಸರಿಯಿದ್ದರೆ ಮಗು ಎಲ್ಲರಂತೆ ಓಡಬಹುದು, ಆಡಬಹುದು. ಉಬ್ಬಿದ ನಾಳಗಳಲ್ಲೂ ಅರ್ಧಕ್ಕಿಂತ ಹೆಚ್ಚು ಒಂದೆರಡು ವರ್ಷದಲ್ಲಿ ಮೊದಲಿನ ಅಳತೆಗೆ ಬರುತ್ತವೆ. 8 ಮಿಲಿಮೀಟರಿಗಿಂತ ದೊಡ್ಡದಾಗಿ ಉಬ್ಬಿದ್ದರೆ ಜೀವನಪೂರ್ತಿ ಔಷಧಿ ಮತ್ತು ತಪಾಸಣೆ ಬೇಕಾಗುತ್ತದೆ. ಎಕೋ ರಿಪೋರ್ಟ್‌ಗಳನ್ನು ಅಂಕಪಟ್ಟಿಗಳ ಜೊತೆ ಜೋಪಾನವಾಗಿಡಿ, ಮಗು ದೊಡ್ಡದಾದ ಮೇಲೂ ಬೇಕಾಗುತ್ತವೆ.

ಆಸ್ಪಿರಿನ್ ಕೊಡುವಾಗ, ಮುಂದಿನ ಲಸಿಕೆ ಹಾಕಿಸುವಾಗ ಏನಾದರೂ ಎಚ್ಚರಿಕೆ?

ನಾಳ ಸರಿಯಿರುವ ಮಕ್ಕಳಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಆರೆಂಟು ವಾರ ಇರುತ್ತದೆ. ಆ ಅವಧಿಯಲ್ಲಿ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ, ಮನೆಯಲ್ಲಿ ಯಾರಿಗಾದರೂ ಬಂದರೂ ಸರಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಆ ಸೋಂಕುಗಳ ಜೊತೆ ಆಸ್ಪಿರಿನ್ ಸೇರಿದರೆ ರೇ ಸಿಂಡ್ರೋಮ್ ಎಂಬ, ಮಿದುಳು ಮತ್ತು ಲಿವರಿಗೆ ಬರುವ ಅಪರೂಪದ ಅಪಾಯ ಇದೆ. ಅಂಗಡಿಯಿಂದ ತರುವ ಜ್ವರದ ಸಿರಪ್‌ನಲ್ಲಿ ಐಬುಪ್ರೊಫೆನ್ ಸೇರಿದೆಯೇ ನೋಡಿ, ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡಬರುತ್ತದೆ. ಬರೀ ಪ್ಯಾರಾಸಿಟಮಾಲ್ ಇರುವುದನ್ನೇ ಕೇಳಿ ಪಡೆಯಿರಿ.

ಐವಿಐಜಿ ಪಡೆದ ಮೇಲೆ ಹನ್ನೊಂದು ತಿಂಗಳು ದಡಾರ-ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ಲಸಿಕೆ ಮುಂದೂಡಬೇಕು. ದಾನಿಗಳಿಂದ ಬಂದ ಪ್ರತಿಕಾಯಗಳು ಅಲ್ಲಿಯವರೆಗೆ ಈ ಲಸಿಕೆಗಳನ್ನು ನಿಷ್ಫಲ ಮಾಡುತ್ತವೆ. ಊರಲ್ಲಿ ದಡಾರ ಹಬ್ಬಿದ್ದರೆ ವೈದ್ಯರು ಮೊದಲೇ ಹಾಕಿಸಿ, ಹನ್ನೊಂದು ತಿಂಗಳಾದ ಮೇಲೆ ಇನ್ನೊಮ್ಮೆ ಹಾಕಿಸಲು ಹೇಳಬಹುದು. ಪೋಲಿಯೊ ಹನಿಗೆ ಈ ತಡೆ ಇಲ್ಲ. ಐವಿಐಜಿ ಕೊಟ್ಟ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿಕೊಳ್ಳಿ. ಒಂಬತ್ತನೇ ತಿಂಗಳ ಚುಚ್ಚುಮದ್ದಿಗೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಆ ಕಾರ್ಡನ್ನೇ ಮೊದಲು ತೋರಿಸಿ.